ವೋಲ್ಟೇಜಿಗೆ ಬಗ್ಗದ ಸ್ಪಿನ್

ಎಲೆಕ್ಟ್ರಾನಿನ ಚಾರ್ಜ್ ಒಂದು ಥರ, ಅದರ ಸ್ಪಿನ್ ಇನ್ನೊಂದು ಥರ. ಪಕ್ಕದಲ್ಲಿ ವೋಲ್ಟೇಜ್ ಒಂಚೂರು ಬದಲಾದರೂ ಚಾರ್ಜ್ ತಕ್ಷಣ ಜಾಗ ಬಿಟ್ಟು ಸರಿಯುತ್ತದೆ. ಮೊಬೈಲಿನಿಂದ ಹಿಡಿದು ವಾಷಿಂಗ್ ಮೆಷಿನ್‌ವರೆಗೆ ಎಲ್ಲದರ ಒಳಗೂ ಇರುವ ಟ್ರಾನ್ಸಿಸ್ಟರ್ ನಡೆಯುವುದೇ ಈ ಗುಣದಿಂದ. ಸ್ಪಿನ್ ಹಾಗಲ್ಲ. ಅದೊಂದು ಪುಟ್ಟ ಅಯಸ್ಕಾಂತ. ಕಾಂತಕ್ಷೇತ್ರ ಬಂದರೆ ಮಾತ್ರ ಅದಕ್ಕೆ ಗೊತ್ತಾಗುತ್ತದೆ. ವಿದ್ಯುತ್ ಕ್ಷೇತ್ರ ಎದುರಿಗೇ ಬಂದು ನಿಂತರೂ ಅದು ಜಗ್ಗುವುದಿಲ್ಲ.

ಇಷ್ಟು ಗೊತ್ತಿದ್ದೂ, ಸಿಲಿಕಾನ್‌ನಲ್ಲಿ ಕ್ವಾಂಟಂ ಕಂಪ್ಯೂಟರ್ ಕಟ್ಟಲು ಹೊರಟವರು ಇಪ್ಪತ್ತೈದು ವರ್ಷಕ್ಕೂ ಜಾಸ್ತಿ ಕಾಲದಿಂದ ಒಂದು ಹಠ ಹಿಡಿದಿದ್ದಾರೆ. ಸ್ಪಿನ್ನನ್ನು ವೋಲ್ಟೇಜಿನಿಂದಲೇ ಆಡಿಸಬೇಕು ಅನ್ನುವ ಹಠ. ನನಗೆ ಈ ಹಠ ತುಂಬಾ ಇಷ್ಟ. ಇದರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತೇನೆ. ಆದರೆ ಸುದ್ದಿಗಳಲ್ಲಿ ಒಂದು ವಿಷಯ ಪ್ರತಿ ಸಲ ಬಿಟ್ಟುಹೋಗುತ್ತದೆ. ಸ್ಪಿನ್ನನ್ನು ವೋಲ್ಟೇಜಿನಿಂದ ತಿರುಗಿಸಿದರು, ಕೆಲಸ ಸಲೀಸಾಯಿತು, ವೇಗ ಹೆಚ್ಚಾಯಿತು ಎಂದು ಬರೆಯುತ್ತಾರೆ. ಅದು ನಿಜ. ಆದರೆ ಸ್ಪಿನ್ ವೋಲ್ಟೇಜಿಗೆ ಬಗ್ಗುವುದಿಲ್ಲ ಅನ್ನುವ ಕಾರಣಕ್ಕೇ ಅಲ್ವಾ ನಾವು ಅದನ್ನು ಆರಿಸಿಕೊಂಡಿದ್ದು? ಬಗ್ಗುವ ಹಾಗೆ ಮಾಡಿದಷ್ಟೂ ಆ ಒಳ್ಳೆಯ ಗುಣವನ್ನು ಸ್ವಲ್ಪ ಸ್ವಲ್ಪವೇ ಬಿಟ್ಟುಕೊಡಬೇಕು. ಎಷ್ಟು ಬಿಟ್ಟುಕೊಡಬೇಕು, ಬಿಟ್ಟುಕೊಟ್ಟಿದ್ದನ್ನು ವಾಪಸ್ ಪಡೆಯಲು ಆಗುತ್ತದಾ ಅನ್ನುವುದೇ ಈ ಕ್ಷೇತ್ರದ ನಿಜವಾದ ಕಥೆ ಎಂದು ನನಗೆ ಅನ್ನಿಸುತ್ತದೆ.

ನಾನು ಹಾಸನದ ಒಂದು ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುತ್ತೇನೆ. ನಮ್ಮ ಲ್ಯಾಬಿನಲ್ಲಿ ಇಎಸ್‌ಆರ್ ಪ್ರಯೋಗ ಇದೆ. ಎಲೆಕ್ಟ್ರಾನ್ ಸ್ಪಿನ್ ರೆಸೊನೆನ್ಸ್. ಎದುರುಬದುರು ನಿಂತ ಎರಡು ದೊಡ್ಡ ಹೆಲ್ಮ್‌ಹೋಲ್ಟ್ಸ್ ಕಾಯಿಲ್. ಅವುಗಳ ನಡುವೆ ಬೆರಳು ಗಾತ್ರದ ಸಣ್ಣ ಕಾಯಿಲ್. ಅದರೊಳಗೆ ಒಂದು ಗಾಜಿನ ಕೊಳವೆ. ಕೊಳವೆಯ ತಳದಲ್ಲಿ ಡಿಪಿಪಿಎಚ್ ಅನ್ನುವ ಕಡು ನೇರಳೆ ಪುಡಿ, ಚಿಟಿಕೆಯಷ್ಟು. ಸಣ್ಣ ಕಾಯಿಲ್‌ಗೆ ಕೆಲವು ಮೆಗಾಹರ್ಟ್ಸ್ ಸಿಗ್ನಲ್ ಕೊಟ್ಟು, ದೊಡ್ಡ ಕಾಯಿಲ್‌ಗಳ ಕರೆಂಟ್ ಏರಿಸುತ್ತಾ ಹೋದರೆ ಸಿಆರ್‌ಒ (ಆಸಿಲೋಸ್ಕೋಪ್) ಪರದೆ ಮೇಲೆ ನಾಲ್ಕು ಪೀಕ್ ಕಾಣುತ್ತವೆ. ಫೇಸ್ ನಾಬ್ ತಿರುಗಿಸಿದರೆ ಅವು ಎರಡೆರಡಾಗಿ ಒಂದರ ಮೇಲೊಂದು ಕೂರುತ್ತವೆ. ಅಳತೆ ತಗೊಂಡು, ಗ್ರಾಫ್ ಹಾಕಿ, ಜಿ ಫ್ಯಾಕ್ಟರ್ (ಕಾಂತಕ್ಷೇತ್ರಕ್ಕೆ ಸ್ಪಿನ್ ಎಷ್ಟು ಓಗೊಡುತ್ತದೆ ಎಂದು ಹೇಳುವ ಸಂಖ್ಯೆ) ಸುಮಾರು 2 ಬಂತು ಎಂದು ರೆಕಾರ್ಡ್ ಪುಸ್ತಕದಲ್ಲಿ ಬರೆದರೆ ಪ್ರಯೋಗ ಮುಗೀತು. ಡಿಪಿಪಿಎಚ್‌ನ ನಿಜವಾದ ಬೆಲೆ 2.0036.

ಎಷ್ಟೋ ಬ್ಯಾಚ್ ಈ ಪ್ರಯೋಗ ಮಾಡಿ ಹೋಗಿವೆ. ಹೋದ ವರ್ಷ ಆಲೂರು ಕಡೆಯ ಒಬ್ಬ ಹುಡುಗಿ ಪೀಕ್ ನೋಡುವುದನ್ನು ಬಿಟ್ಟು ಆ ಸಣ್ಣ ಕಾಯಿಲನ್ನೇ ನೋಡುತ್ತಾ ನಿಂತಿದ್ದಳು.

“ಮೇಡಂ, ಈ ಪುಡಿಯಲ್ಲಿ ಎಷ್ಟು ಸ್ಪಿನ್ ಇರಬಹುದು?”

“ಲೆಕ್ಕ ಹಾಕು. ಕೋಟಿ ಕೋಟಿಗಳಲ್ಲಿ ಇರುತ್ತೆ.”

“ಎಲ್ಲಾ ಒಟ್ಟಿಗೇ ತಿರುಗ್ತಾವಲ್ವಾ? ಕ್ವಾಂಟಂ ಕಂಪ್ಯೂಟರ್‌ನಲ್ಲಿ ಒಂದೊಂದನ್ನೇ ತಿರುಗಿಸಬೇಕು ಅಂದ್ರಿ. ಒಂದೊಂದು ಎಲೆಕ್ಟ್ರಾನ್‌ಗೂ ಒಂದೊಂದು ಕಾಯಿಲ್ ಸುತ್ತೋಕಾಗುತ್ತಾ ಮೇಡಂ?”

“ಆಗಲ್ಲ ಕಣಮ್ಮ.”

“ಮತ್ತೆ?”

ಆ “ಮತ್ತೆ?”ಗೆ ಉತ್ತರವಾಗಿಯೇ ಇದನ್ನು ಬರೆಯುತ್ತಿದ್ದೇನೆ. ಕ್ಲಾಸಿನಲ್ಲಿ ಹೇಳಲು ಟೈಮ್ ಸಾಲಲಿಲ್ಲ.

ಮೊದಲು ಕಷ್ಟ ಏನು ಅಂತ ನೋಡೋಣ. ಕಾಂತಕ್ಷೇತ್ರದಲ್ಲಿ ಸ್ಪಿನ್ ಸುಮ್ನೆ ನಿಲ್ಲುವುದಿಲ್ಲ, ಆ ಕ್ಷೇತ್ರದ ಸುತ್ತ ಗಿರಕಿ ಹೊಡೆಯುತ್ತದೆ. ಎಲೆಕ್ಟ್ರಾನ್ ಆದರೆ ಒಂದು ಟೆಸ್ಲಾಗೆ 28 ಗಿಗಾಹರ್ಟ್ಸ್, ಅಂದರೆ ಸೆಕೆಂಡಿಗೆ 2,800 ಕೋಟಿ ಸುತ್ತಿನ ಲೆಕ್ಕ. ನಮ್ಮ ಹಾಸನದಲ್ಲಿ ಭೂಮಿಯ ಕಾಂತಕ್ಷೇತ್ರ ಸುಮಾರು 40 ಮೈಕ್ರೋಟೆಸ್ಲಾ. ಅಂದರೆ ಯಾವ ಉಪಕರಣವೂ ಇಲ್ಲದೆ, ಈ ಊರಿನ ಯಾವುದೇ ಒಂಟಿ ಎಲೆಕ್ಟ್ರಾನ್ ಸೆಕೆಂಡಿಗೆ ಸುಮಾರು 11 ಲಕ್ಷ ಸುತ್ತು ಹಾಕುತ್ತಿರುತ್ತದೆ. ಅದರ ಸುತ್ತಿನ ವೇಗಕ್ಕೆ ಸರಿಯಾಗಿ ಹೊಂದುವ ಇನ್ನೊಂದು ಆಡುವ ಕಾಂತಕ್ಷೇತ್ರ ಕೊಟ್ಟರೆ ಸ್ಪಿನ್ ಮೇಲಿನಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ ತಿರುಗುತ್ತದೆ. ನಮ್ಮ ಪೀಕ್‌ಗಳು ಹೇಳುವುದು ಇದನ್ನೇ.

ಕ್ವಾಂಟಂ ಕಂಪ್ಯೂಟರಿನ ಒಂದು ಬಿಟ್‌ಗೆ ಕ್ಯೂಬಿಟ್ ಅನ್ನುತ್ತಾರೆ, ಇಲ್ಲಿ ಸ್ಪಿನ್ನೇ ಆ ಬಿಟ್. ಕ್ಯೂಬಿಟ್ ಚಿಪ್‌ಗಳಲ್ಲಿ ಕಾಂತಕ್ಷೇತ್ರ ಸಾಮಾನ್ಯವಾಗಿ ಒಂದು ಟೆಸ್ಲಾದ ಆಸುಪಾಸಿನಲ್ಲಿ ಇರುತ್ತದೆ. ಹಾಗಾಗಿ ಸಿಗ್ನಲ್ ಮೈಕ್ರೋವೇವ್ ಆಗಿರಬೇಕು. 28 ಗಿಗಾಹರ್ಟ್ಸ್ ಅಲೆಯ ಉದ್ದ ಗಾಳಿಯಲ್ಲಿ ಸುಮಾರು ಒಂದು ಸೆಂಟಿಮೀಟರ್. ಸಾಲಗಾಮೆ ರಸ್ತೆಯಲ್ಲಿ ಹೋಗುವವರೆಲ್ಲ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿಯ ದೊಡ್ಡ ಡಿಶ್‌ಗಳನ್ನು ನೋಡಿರುತ್ತೀರಿ. ಅಲ್ಲಿಂದ 36,000 ಕಿಲೋಮೀಟರ್ ದೂರದ ಉಪಗ್ರಹಕ್ಕೆ ಆಜ್ಞೆ ಕಳಿಸುತ್ತಾರೆ. ಅಷ್ಟು ದೂರಕ್ಕೆ ಗುರಿ ಇಡುವುದು ರೇಡಿಯೋ ಅಲೆಗೆ ಸಾಧ್ಯ. ಆದರೆ ನೂರು ನ್ಯಾನೋಮೀಟರ್ ಅಂತರದಲ್ಲಿ ಕೂತ ಎರಡು ಎಲೆಕ್ಟ್ರಾನುಗಳಲ್ಲಿ ಒಂದಕ್ಕೆ ಮಾತ್ರ ಗುರಿ ಇಡು ಅಂದರೆ ಆ ಅಲೆಯಿಂದ ಆಗುವುದಿಲ್ಲ. ಒಂದು ಸೆಂಟಿಮೀಟರ್ ಒಳಗೆ ಅಂಥ ಎಲೆಕ್ಟ್ರಾನುಗಳನ್ನು ಸಾಲಾಗಿ ಕೂರಿಸಿದರೆ ಒಂದು ಲಕ್ಷ ಹಿಡಿಸುತ್ತವೆ. ಅಲೆ ಬಂದರೆ ಎಲ್ಲದರ ಮೇಲೂ ಬರುತ್ತದೆ.

ಚಿಪ್ ಮೇಲೇ ಒಂದು ಸಣ್ಣ ತಂತಿ ಹಾಸಿ, ಅದರಲ್ಲಿ ಮೈಕ್ರೋವೇವ್ ಕರೆಂಟ್ ಹರಿಸಿ, ಪಕ್ಕದಲ್ಲೇ ಕಾಂತಕ್ಷೇತ್ರ ಹುಟ್ಟಿಸುವುದೂ ಇದೆ. ಒಳ್ಳೆಯ ದಾರಿಯೇ. ಎಷ್ಟೋ ಮೊದಲ ಪ್ರಯೋಗಗಳು ಹಾಗೇ ನಡೆದವು. ಆದರೆ ಕರೆಂಟ್ ಹರಿದ ಕಡೆ ಬಿಸಿ ಇದ್ದೇ ಇರುತ್ತದೆ. ಈ ಚಿಪ್ ಕೂತಿರುವುದು ಡೈಲ್ಯೂಷನ್ ರೆಫ್ರಿಜರೇಟರ್‌ನ ತಳದಲ್ಲಿ, ಸೊನ್ನೆ ಕೆಲ್ವಿನ್‌ಗಿಂತ ನೂರನೇ ಒಂದೆರಡು ಡಿಗ್ರಿಯಷ್ಟೇ ಮೇಲೆ. ಅಷ್ಟು ತಣ್ಣನೆಯ ಜಾಗದಲ್ಲಿ ಆ ಯಂತ್ರಕ್ಕೆ ಹೊರಹಾಕಲು ಆಗುವ ಬಿಸಿ ಮೈಕ್ರೋವ್ಯಾಟ್ ಲೆಕ್ಕದ್ದು. ಲಕ್ಷ ತಂತಿ ಹಾಸಿ ಲಕ್ಷ ಕಡೆ ಕರೆಂಟ್ ಹರಿಸುವ ಮಾತೇ ಇಲ್ಲ.

ವೋಲ್ಟೇಜಿಗೆ ಈ ಎರಡು ತೊಂದರೆಯೂ ಇಲ್ಲ. ಹತ್ತಾರು ನ್ಯಾನೋಮೀಟರ್ ಅಗಲದ ಲೋಹದ ಪಟ್ಟಿ, ಅದಕ್ಕೆ ಗೇಟ್ ಅನ್ನುತ್ತಾರೆ, ಅದಕ್ಕೆ ವೋಲ್ಟೇಜ್ ಕೊಟ್ಟರೆ ಕ್ಷೇತ್ರ ಅದರ ಕೆಳಗೇ ಇರುತ್ತದೆ. ಸ್ವಲ್ಪ ದೂರ ಹೋದರೆ ಬಹುಮಟ್ಟಿಗೆ ಸತ್ತುಹೋಗುತ್ತದೆ. ಕರೆಂಟ್ ಹರಿಯಬೇಕಿಲ್ಲ. ಜೊತೆಗೆ ಇಂಥ ಗೇಟುಗಳನ್ನು ಕೋಟಿಗಟ್ಟಲೆ ಮಾಡುವ ಕೈಚಳಕ ಚಿಪ್ ಕಾರ್ಖಾನೆಗಳಿಗೆ ಆಗಲೇ ಇದೆ. ಎಲ್ಲ ಅನುಕೂಲವೂ ವೋಲ್ಟೇಜಿನ ಕಡೆಗೇ. ಸ್ಪಿನ್ ಮಾತ್ರ ಅದರ ಮಾತು ಕೇಳುವುದಿಲ್ಲ, ಅಷ್ಟೇ.

1998ರಲ್ಲಿ ಇದಕ್ಕೆ ಒಂದು ಉಪಾಯ ಬಂತು. ಆಸ್ಟ್ರೇಲಿಯಾದ ಸಿಡ್ನಿಯ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದಲ್ಲಿದ್ದ ಬ್ರೂಸ್ ಕೇನ್ ‘ನೇಚರ್’ ಪತ್ರಿಕೆಯಲ್ಲಿ ಅದನ್ನು ಬರೆದರು. ಅದೇ ವರ್ಷ ಡೇನಿಯಲ್ ಲಾಸ್ ಮತ್ತು ಡೇವಿಡ್ ಡಿವಿನ್ಸೆಂಜೊ ಕ್ವಾಂಟಂ ಡಾಟ್‌ಗಳಲ್ಲಿ (ಎಲೆಕ್ಟ್ರಾನನ್ನು ಕೂಡಿಹಾಕುವ ಪುಟ್ಟ ಗೂಡುಗಳಲ್ಲಿ) ಎಲೆಕ್ಟ್ರಾನ್ ಸ್ಪಿನ್ ಬಳಸುವ ತಮ್ಮ ದಾರಿ ತೋರಿಸಿದರು. ಇವತ್ತು ಜಾಸ್ತಿ ಲ್ಯಾಬುಗಳು ನಡೆಯುತ್ತಿರುವುದು ಲಾಸ್ ಮತ್ತು ಡಿವಿನ್ಸೆಂಜೊ ದಾರಿಯಲ್ಲೇ. ಆದರೂ ನನ್ನ ಮನಸ್ಸು ಕೇನ್ ಕಡೆಗೆ.

ಅವರ ಉಪಾಯ ಹೀಗಿದೆ. ಸಿಲಿಕಾನ್ ಹರಳಿನಲ್ಲಿ ಒಂದು ಸಿಲಿಕಾನ್ ಪರಮಾಣು ತೆಗೆದು ಅಲ್ಲಿ ರಂಜಕ ಕೂರಿಸಿ. ರಂಜಕಕ್ಕೆ ಹೊರಗಿನ ಎಲೆಕ್ಟ್ರಾನು ಐದು. ನಾಲ್ಕು ಅಕ್ಕಪಕ್ಕದ ಸಿಲಿಕಾನ್ ಜೊತೆ ಬಂಧಕ್ಕೆ ಹೋಗುತ್ತವೆ. ಐದನೆಯದು ಉಳಿಯುತ್ತದೆ. ಬಿಸಿ ಇದ್ದರೆ ಅದು ಓಡಿಹೋಗುತ್ತದೆ. ಡಯೋಡ್ ಪಾಠದಲ್ಲಿ ಎನ್-ಟೈಪ್ ಎಂದು ಓದಿದ್ದು ಅದನ್ನೇ. ತುಂಬಾ ತಣ್ಣಗಿಟ್ಟರೆ ಓಡುವುದಿಲ್ಲ, ರಂಜಕದ ಸುತ್ತ ಕೆಲವು ನ್ಯಾನೋಮೀಟರ್ ಹರಡಿದ ಮೋಡವಾಗಿ ಕೂರುತ್ತದೆ. ರಂಜಕದ ನ್ಯೂಕ್ಲಿಯಸ್‌ಗೂ ಒಂದು ಸ್ಪಿನ್ ಇದೆ. ಎರಡು ಸ್ಪಿನ್ನಿಗೂ ನಂಟು. ಹೈಪರ್‌ಫೈನ್ ಎನ್ನುತ್ತಾರೆ. ನ್ಯೂಕ್ಲಿಯಸ್ ಮೇಲ್ಮುಖವಾಗಿದ್ದರೆ ಎಲೆಕ್ಟ್ರಾನಿನ ಆವರ್ತನ ಒಂದು, ಕೆಳಮುಖವಾಗಿದ್ದರೆ ಇನ್ನೊಂದು. ಎರಡಕ್ಕೂ ನಡುವಿನ ಅಂತರ ಸುಮಾರು 117.5 ಮೆಗಾಹರ್ಟ್ಸ್. ಎಫ್‌ಎಂ ರೇಡಿಯೋದ ಮುಳ್ಳು 108ಕ್ಕೆ ನಿಲ್ಲುತ್ತದಲ್ಲ, ಅದರಿಂದ ಸ್ವಲ್ಪವೇ ಆಚೆ.

ಈ ನಂಟು ಎಷ್ಟು ಗಟ್ಟಿ ಅನ್ನುವುದು ಒಂದೇ ವಿಷಯದ ಮೇಲೆ ನಿಂತಿದೆ. ಎಲೆಕ್ಟ್ರಾನ್ ಮೋಡ ನ್ಯೂಕ್ಲಿಯಸ್ ಇರುವ ಬಿಂದುವಿನಲ್ಲಿ ಎಷ್ಟು ದಟ್ಟವಾಗಿದೆ ಅನ್ನುವುದರ ಮೇಲೆ. ಈಗ ಆ ಪರಮಾಣುವಿನ ಮೇಲೆ ಒಂದು ಗೇಟ್ ಇಟ್ಟು ಧನ ವೋಲ್ಟೇಜ್ ಕೊಟ್ಟರೆ ಏನಾಗುತ್ತದೆ? ಮೋಡ ಒಂಚೂರು ಗೇಟಿನ ಕಡೆ ಎಳೆದುಕೊಳ್ಳುತ್ತದೆ. ನ್ಯೂಕ್ಲಿಯಸ್ ಹತ್ತಿರ ಅದು ತೆಳುವಾಗುತ್ತದೆ. ನಂಟು ಸಡಿಲವಾಗುತ್ತದೆ. ಆವರ್ತನ ಸರಿಯುತ್ತದೆ. ವೋಲ್ಟೇಜ್ ಮುಟ್ಟಿದ್ದು ಚಾರ್ಜನ್ನು ಮಾತ್ರ. ಸ್ಪಿನ್ನಿನ ಮೇಲೆ ಅದು ಕೈ ಇಟ್ಟೇ ಇಲ್ಲ. ಆದರೂ ಸ್ಪಿನ್ ಯಾವ ಆವರ್ತನಕ್ಕೆ ಓಗೊಡಬೇಕು ಅನ್ನುವುದು ಬದಲಾಯಿತು. ಕೇನ್ ಇದಕ್ಕೆ ಎ-ಗೇಟ್ ಎಂದು ಹೆಸರಿಟ್ಟರು.

ಹೋಲಿಕೆ ಬೇಕಾದರೆ ನಮ್ಮ ಹಾಸನ ಆಕಾಶವಾಣಿ ಇದೆ. ಸ್ಟೇಷನ್ 102.2ರಲ್ಲಿ ಊರಿಗೆಲ್ಲ ಒಂದೇ ಸಮ ಹಾಡು ಬಿತ್ತರಿಸುತ್ತಾ ಇರುತ್ತದೆ. ಯಾವ ಮನೆಯಲ್ಲಿ ಹಾಡು ಕೇಳಬೇಕು ಎಂದು ತೀರ್ಮಾನ ಮಾಡುವುದು ಸ್ಟೇಷನ್ ಅಲ್ಲ, ಆ ಮನೆಯವರು. ಮುಳ್ಳನ್ನು 102.2ಕ್ಕೆ ತಂದರೆ ಕೇಳುತ್ತದೆ, ಸರಿಸಿದರೆ ಇಲ್ಲ. ಕೇನ್ ಚಿಪ್‌ನಲ್ಲೂ ಆಡುವ ಕಾಂತಕ್ಷೇತ್ರದ ಅಲೆ ಎಲ್ಲರಿಗೂ ಒಂದೇ, ಸದಾ ಬರುತ್ತಲೇ ಇರುತ್ತದೆ. ಯಾವ ಪರಮಾಣು ತಿರುಗಬೇಕೋ ಅದರ ಗೇಟನ್ನು ಮಾತ್ರ ಮುಟ್ಟಿ ಅದನ್ನು ಆ ಆವರ್ತನಕ್ಕೆ ತರುತ್ತಾರೆ. ಕೆಲಸ ಆದ ಮೇಲೆ ಆಚೆ ಸರಿಸುತ್ತಾರೆ. ಉಳಿದ ಲಕ್ಷ ಪರಮಾಣುಗಳು ತಮ್ಮ ಪಾಡಿಗೆ ಇರುತ್ತವೆ. ಎಲ್ಲರಿಗೂ ಬೀಳುವ ಅಲೆಯನ್ನೇ ಇಲ್ಲಿ ಅನುಕೂಲ ಮಾಡಿಕೊಂಡಿದ್ದಾರೆ. ಇದನ್ನು ಓದಿದಾಗಲೆಲ್ಲ ನನಗೆ ಖುಷಿಯಾಗುತ್ತದೆ.

ಬರೆದದ್ದು ಸುಲಭ, ಮಾಡುವುದು ಸುಲಭ ಇರಲಿಲ್ಲ. ಗೇಟ್ ಎಳೆದಾಗ ಆವರ್ತನ ಸರಿಯುವುದು ತೀರಾ ಸ್ವಲ್ಪ. ಸ್ಪಿನ್ನಿನ ರೆಸೊನೆನ್ಸ್ ಗೆರೆ ಅದಕ್ಕಿಂತ ದಪ್ಪ ಇದ್ದರೆ ಸರಿಸಿದ್ದೂ ಒಂದೇ, ಬಿಟ್ಟದ್ದೂ ಒಂದೇ. ಮಾಮೂಲಿ ಸಿಲಿಕಾನ್‌ನಲ್ಲಿ ಗೆರೆ ದಪ್ಪವೇ. ಕಾರಣ ಸಿಲಿಕಾನ್-29. ನಮ್ಮ ಮರಳಿನಿಂದ ಬಂದ ಸಿಲಿಕಾನ್‌ನಲ್ಲಿ ಸುಮಾರು 92.2 ಶೇಕಡಾ ಸಿಲಿಕಾನ್-28, 4.7 ಶೇಕಡಾ ಸಿಲಿಕಾನ್-29, ಉಳಿದದ್ದು ಸಿಲಿಕಾನ್-30. ಇಪ್ಪತ್ತೆಂಟಕ್ಕೂ ಮೂವತ್ತಕ್ಕೂ ನ್ಯೂಕ್ಲಿಯಸ್ ಸ್ಪಿನ್ ಇಲ್ಲ. ಇಪ್ಪತ್ತೊಂಬತ್ತಕ್ಕೆ ಇದೆ. ಆ ಸಣ್ಣ ಅಯಸ್ಕಾಂತಗಳು ಮೋಡದೊಳಗೆಲ್ಲ ಅಲ್ಲಲ್ಲಿ ಕೂತು, ಆಗಾಗ ತಿರುಗುತ್ತಾ, ಎಲೆಕ್ಟ್ರಾನಿನ ಲಯ ಕೆಡಿಸುತ್ತವೆ.

ಹಾಗಾಗಿ ಸಿಲಿಕಾನ್-28 ಒಂದನ್ನೇ ಬೇರ್ಪಡಿಸಬೇಕಾಯಿತು. ಇಲ್ಲಿ ಇನ್ನೊಂದು ಕ್ಷೇತ್ರದವರು ಅರಿವಿಲ್ಲದೇ ಸಹಾಯ ಮಾಡಿದರು. ಕಿಲೋಗ್ರಾಂಗೆ ಹೊಸ ವ್ಯಾಖ್ಯಾನ ಕೊಡಲು ಅವೊಗ್ಯಾಡ್ರೊ ಸಂಖ್ಯೆಯನ್ನು ಕರಾರುವಾಕ್ಕಾಗಿ ಅಳೆಯಬೇಕಿತ್ತು. ಅದಕ್ಕಾಗಿ ಶುದ್ಧ ಸಿಲಿಕಾನ್-28ರ ಹರಳು ಬೆಳೆಸಿ, ಒಂದು ಕಿಲೋ ತೂಕದ ನುಣುಪಾದ ಗೋಳಗಳನ್ನು ಮಾಡಿದರು. ಆ ವ್ಯಾಖ್ಯಾನ 2019ರಲ್ಲಿ ಜಾರಿಗೆ ಬಂತು. ಅದೇ ಯೋಜನೆಯ ಸಿಲಿಕಾನ್ ಸ್ಪಿನ್ ಪ್ರಯೋಗಗಳಿಗೂ ಸಿಕ್ಕಿತು. ತೂಕ ಅಳೆಯುವವರ ಹರಳಿನಲ್ಲಿ ಸ್ಪಿನ್‌ಗಳು ಎಷ್ಟು ಹೊತ್ತು ಲಯ ಹಿಡಿದು ಕೂತವು ಎಂದು ನೋಡಿದವರು ಬೆರಗಾಗಿದ್ದರೆ ಆಶ್ಚರ್ಯವಿಲ್ಲ.

2014ರಲ್ಲಿ ಕೇನ್ ಇದ್ದ ಅದೇ ವಿಶ್ವವಿದ್ಯಾಲಯದ ಆಂಡ್ರಿಯಾ ಮೊರೆಲ್ಲೊ ಅವರ ಗುಂಪು ಶುದ್ಧ ಸಿಲಿಕಾನ್-28ರಲ್ಲಿ ಒಂದೇ ಒಂದು ರಂಜಕ ಪರಮಾಣು ಇಟ್ಟು ಅಳೆಯಿತು. ಎಲೆಕ್ಟ್ರಾನ್ ಸ್ಪಿನ್ ಅರ್ಧ ಸೆಕೆಂಡಿಗೂ ಹೆಚ್ಚು ಹೊತ್ತು ಲಯ ತಪ್ಪದೆ ನೆನಪು ಹಿಡಿದಿತ್ತು. ನ್ಯೂಕ್ಲಿಯಸ್ ಸ್ಪಿನ್ 30 ಸೆಕೆಂಡಿಗೂ ಹೆಚ್ಚು. ಒಂದು ಪರಮಾಣು! ಮೈಕ್ರೋಸೆಕೆಂಡುಗಳಲ್ಲಿ ಕೆಲಸ ಮುಗಿಸುವ ಜಗತ್ತಿನಲ್ಲಿ ಅರ್ಧ ನಿಮಿಷ ಅಂದರೆ ಯುಗವೇ. ಮರುವರ್ಷ, 2015ರಲ್ಲಿ, ಅದೇ ಗುಂಪಿನ ಆರ್ನೆ ಲೌಖ್ಟ್ ಮತ್ತು ಸಂಗಡಿಗರು ಎ-ಗೇಟನ್ನು ಕೆಲಸ ಮಾಡಿಸಿ ತೋರಿಸಿದರು. ಮೈಕ್ರೋವೇವ್ ಸದಾ ಉರಿಯುತ್ತಲೇ ಇತ್ತು. ಗೇಟಿನ ವೋಲ್ಟೇಜ್ ಮಾತ್ರ ಬದಲಾಗುತ್ತಿತ್ತು. ಕೇನ್ ಬರೆದು ಹದಿನೇಳು ವರ್ಷ ಆಗಿತ್ತು.

ಇನ್ನೊಂದು ದಾರಿ ಹೆಚ್ಚು ಜನ ಹಿಡಿದದ್ದು. ಚಿಪ್ ಮೇಲೆ ಕೋಬಾಲ್ಟ್‌ನ ಒಂದು ಪುಟ್ಟ ಅಯಸ್ಕಾಂತ ಇಡುತ್ತಾರೆ. ಅದರ ಕ್ಷೇತ್ರ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ, ಜಾಗದಿಂದ ಜಾಗಕ್ಕೆ ಬದಲಾಗುತ್ತದೆ. ಕ್ವಾಂಟಂ ಡಾಟ್‌ನಲ್ಲಿ ಕೂತ ಎಲೆಕ್ಟ್ರಾನನ್ನು ಮೈಕ್ರೋವೇವ್ ವೋಲ್ಟೇಜಿನಿಂದ ಅತ್ತಿತ್ತ ಅಲ್ಲಾಡಿಸುತ್ತಾರೆ. ಒಂದು ನ್ಯಾನೋಮೀಟರ್‌ಗಿಂತಲೂ ಕಡಿಮೆ ಅಲ್ಲಾಟ. ಅಲ್ಲಾಡುವ ಎಲೆಕ್ಟ್ರಾನಿಗೆ ತನ್ನ ಸುತ್ತ ಕಾಂತಕ್ಷೇತ್ರವೇ ಅಲ್ಲಾಡಿದಂತೆ ಕಾಣುತ್ತದೆ. ಸ್ಪಿನ್ನಿಗೆ ಬೇಕಿದ್ದುದೂ ಅದೇ. ಅದು ತಿರುಗುತ್ತದೆ. ವೇಗ ಚೆನ್ನಾಗಿದೆ, ಹತ್ತಾರು ನ್ಯಾನೋಸೆಕೆಂಡಿನಲ್ಲಿ ಒಂದು ತಿರುವು ಮುಗಿಯುತ್ತದೆ.

ವೋಲ್ಟೇಜಿಗೆ ಬಗ್ಗಿಸಿದಷ್ಟೂ ಏನೋ ಬಿಟ್ಟುಕೊಡಬೇಕು ಎಂದು ಮೊದಲು ಹೇಳಿದೆನಲ್ಲ, ಆ ಬೆಲೆ ಕಾಣಿಸಿಕೊಳ್ಳುವುದು ಇಲ್ಲೇ. 2018ರಲ್ಲಿ ಜಪಾನಿನ ಜುನ್ ಯೊನೆಡಾ ಮತ್ತು ಸಂಗಡಿಗರು ಶುದ್ಧ ಸಿಲಿಕಾನ್-28, ಮೇಲೆ ಕೋಬಾಲ್ಟ್ ಅಯಸ್ಕಾಂತ ಇಟ್ಟು, ಸ್ಪಿನ್ ತಿರುಗಿಸುವುದರಲ್ಲಿ 99.9 ಶೇಕಡಾಕ್ಕಿಂತ ಹೆಚ್ಚು ನಿಖರತೆ ಮುಟ್ಟಿದರು. ಎಲ್ಲ ಕಡೆ ಆ ಸಂಖ್ಯೆಯೇ ಸುದ್ದಿಯಾಯಿತು. ನನ್ನ ಕಣ್ಣಿಗೆ ಬಿದ್ದದ್ದು ಅದೇ ಲೇಖನದ ಇನ್ನೊಂದು ಮಾತು. ಸ್ಪಿನ್ನಿನ ನೆನಪು ಎಷ್ಟು ಹೊತ್ತು ಅನ್ನುವುದನ್ನು ಈಗ ತೀರ್ಮಾನಿಸುತ್ತಿರುವುದು ನ್ಯೂಕ್ಲಿಯಸ್‌ಗಳ ಗಲಾಟೆ ಅಲ್ಲ, ಚಾರ್ಜ್ ನಾಯ್ಸ್. ಸಿಲಿಕಾನ್-29 ಹೊರಗೆ ಹಾಕಿ ಒಂದು ಶತ್ರುವನ್ನು ಓಡಿಸಿದ್ದರು. ಅಯಸ್ಕಾಂತ ಇಟ್ಟದ್ದರಿಂದ ಇನ್ನೊಂದಕ್ಕೆ ಬಾಗಿಲು ತೆರೆದಿತ್ತು.

ಚಾರ್ಜ್ ನಾಯ್ಸ್ ಎಲ್ಲಿಂದ ಬರುತ್ತದೆ? ಗೇಟಿನ ಕೆಳಗೆ ಆಕ್ಸೈಡ್ ಪದರ ಇರುತ್ತದೆ. ಅದರಲ್ಲೂ, ಅದು ಅರೆವಾಹಕಕ್ಕೆ ತಾಗುವ ಅಂಚಿನಲ್ಲೂ ದೋಷಗಳು ಇರುತ್ತವೆ. ಎಲ್ಲೋ ಒಂದು ಬಂಧ ಅರ್ಧಕ್ಕೆ ನಿಂತಿರುತ್ತದೆ, ಎಲ್ಲೋ ಒಂದು ಪರಮಾಣು ತಪ್ಪಾಗಿ ಕೂತಿರುತ್ತದೆ. ಅಂಥ ಜಾಗಕ್ಕೆ ಒಂದು ಚಾರ್ಜ್ ಹೋಗಿ ಸಿಕ್ಕಿಕೊಳ್ಳುತ್ತದೆ, ಇನ್ನೊಂದು ಹೊತ್ತಿನಲ್ಲಿ ಬಿಡಿಸಿಕೊಂಡು ಬರುತ್ತದೆ. ಪ್ರತಿ ಸಲವೂ ಡಾಟ್ ಇರುವ ಕಡೆ ವಿದ್ಯುತ್ ಕ್ಷೇತ್ರ ಒಂಚೂರು ಬದಲಾಗುತ್ತದೆ. ಎಲೆಕ್ಟ್ರಾನ್ ಒಂದಿಷ್ಟು ಸರಿಯುತ್ತದೆ. ಅಯಸ್ಕಾಂತದ ಕ್ಷೇತ್ರ ಅಲ್ಲಿ ಬೇರೆ. ಸ್ಪಿನ್ನಿನ ಸುತ್ತಿನ ವೇಗ ಬದಲಾಯಿತು. ನಾವು ಬೇಕೆಂದು ಕೊಟ್ಟ ವೋಲ್ಟೇಜೂ ಆಕ್ಸೈಡಿನ ದೋಷದಿಂದ ಬಂದ ವೋಲ್ಟೇಜೂ ಎಲೆಕ್ಟ್ರಾನಿಗೆ ಒಂದೇ. ಅಯಸ್ಕಾಂತ ಇಲ್ಲದಿದ್ದರೆ ಆ ದೋಷ ಅಲ್ಲೇ ಇದ್ದರೂ ಸ್ಪಿನ್ನಿಗೆ ಹೆಚ್ಚೇನೂ ಗೊತ್ತಾಗುತ್ತಿರಲಿಲ್ಲ.

ಯೊನೆಡಾ ಅವರ ಚಿಪ್‌ನಲ್ಲಿ ಯಾವ ರಕ್ಷಣೆಯೂ ಇಲ್ಲದೆ, ಅಂದರೆ ನಡುನಡುವೆ ಸಿಗ್ನಲ್ ಕೊಟ್ಟು ಲಯ ಸರಿಪಡಿಸದೆ, ಬಿಟ್ಟರೆ ಸ್ಪಿನ್ ಲಯ ಹಿಡಿಯುತ್ತಿದ್ದುದು ಸುಮಾರು 20 ಮೈಕ್ರೋಸೆಕೆಂಡ್. ಅಯಸ್ಕಾಂತ ಇಲ್ಲದೆ, ತಂತಿಯ ಕಾಂತಕ್ಷೇತ್ರದಿಂದ ಆಡಿಸಿದ 2014ರ ಇನ್ನೊಂದು ಸಿಲಿಕಾನ್-28 ಡಾಟ್‌ನಲ್ಲಿ ಅದು ಸುಮಾರು 120. ಬೇರೆ ಬೇರೆ ಚಿಪ್, ಬೇರೆ ಬೇರೆ ಲ್ಯಾಬ್, ಹಾಗಾಗಿ ಎರಡನ್ನೂ ತಕ್ಕಡಿಗೆ ಹಾಕಿ ತೂಗುವುದು ಸರಿಯಲ್ಲ. ಆದರೂ ದಿಕ್ಕು ಯಾವುದೆಂದು ಗೊತ್ತಾಗುತ್ತದೆ. ಅಯಸ್ಕಾಂತ ಇಟ್ಟವರು ವೇಗದಲ್ಲಿ ಗೆದ್ದರು. ನೆನಪು ಮಾಸುವ ಮೊದಲೇ ಕೆಲಸ ಮುಗಿಸಿಬಿಡುತ್ತಾರೆ. ಅದೂ ಒಂದು ಗೆಲುವೇ. ಆದರೆ ಕೋಬಾಲ್ಟ್ ಅಯಸ್ಕಾಂತವನ್ನು ಕೆಲಸ ಆದ ಮೇಲೆ ಆರಿಸಲು ಆಗುವುದಿಲ್ಲ. ಸ್ಪಿನ್ ಸುಮ್ಮನೆ ಕಾಯುತ್ತಾ ಕೂತಿರುವ ಹೊತ್ತಿನಲ್ಲೂ ಬಾಗಿಲು ತೆರೆದೇ ಇರುತ್ತದೆ. ದೊಡ್ಡ ಲೆಕ್ಕ ಮಾಡುವಾಗ ಬಹುಪಾಲು ಕ್ಯೂಬಿಟ್‌ಗಳು ಬಹುಪಾಲು ಹೊತ್ತು ಕಾಯುತ್ತಲೇ ಇರುತ್ತವೆ. ಕೇನ್ ಕಡೆಗೆ ನನ್ನ ಮನಸ್ಸು ಅಂದದ್ದು ಇದಕ್ಕೇ.

ಈಗ ಆಂಟಿಮನಿ ಅನ್ನುವ ಮೂಲವಸ್ತುವಿನ ಕಥೆ. ಇಡೀ ವಿಷಯದಲ್ಲಿ ನನಗೆ ಅತಿ ಇಷ್ಟವಾದ ಭಾಗ ಇದು.

ಮೊರೆಲ್ಲೊ ಅವರ ಲ್ಯಾಬಿನಲ್ಲೇ, ಸೆರ್ವಾನ್ ಅಸಾದ್ ಮತ್ತು ವಿನ್ಸೆಂಟ್ ಮೌರಿಕ್ ರಂಜಕದ ಬದಲು ಆಂಟಿಮನಿ-123 ಪರಮಾಣು ಇಟ್ಟ ಚಿಪ್ ಮೇಲೆ ಕೆಲಸ ಮಾಡುತ್ತಿದ್ದರು. ರಂಜಕದ ನ್ಯೂಕ್ಲಿಯಸ್ಸಿಗೆ ಮೇಲೆ, ಕೆಳಗೆ ಎಂದು ಎರಡೇ ಸ್ಥಿತಿ. ಆಂಟಿಮನಿ-123ರ ಸ್ಪಿನ್ 7/2, ಅದಕ್ಕೆ ಎಂಟು ಸ್ಥಿತಿ. ಅವುಗಳ ನಡುವೆ ಏಳು ಮೆಟ್ಟಿಲು. ಅದನ್ನು ಮಾಮೂಲಿ ರೀತಿಯಲ್ಲಿ, ಕಾಂತಕ್ಷೇತ್ರದಿಂದ, ಮೆಟ್ಟಿಲು ಹತ್ತಿಸಿ ಇಳಿಸಬೇಕು ಎಂದು ಅವರ ಯೋಚನೆ. ಆಂಟೆನಾ ಮಾಡಿದ್ದೂ ಅದಕ್ಕೇ. ಶಕ್ತಿ ಹೆಚ್ಚು ಬೇಕಾಗಿತ್ತು, ಜಾಸ್ತಿ ಪವರ್ ಕೊಟ್ಟರು. ಆಂಟೆನಾ ಸುಟ್ಟುಹೋಯಿತು.

ಚಿಪ್ ಬಿಸಾಕಿ ಹೊಸದು ಮಾಡಬಹುದಿತ್ತು. ಆದರೆ ಸಿಗ್ನಲ್ ನೋಡಿದರೆ ನ್ಯೂಕ್ಲಿಯಸ್ ಇನ್ನೂ ತಿರುಗುತ್ತಲೇ ಇತ್ತು. ತಿರುಗುವ ರೀತಿ ಮಾತ್ರ ವಿಚಿತ್ರ. ಏಳು ಮೆಟ್ಟಿಲಲ್ಲಿ ಆರು ಕಂಡವು. ಸರಿಯಾಗಿ ನಡುವಿನದು ಕಾಣಲಿಲ್ಲ. ಕಾಂತಕ್ಷೇತ್ರದಿಂದ ಆಡಿಸಿದರೆ ನಡುವಿನದೂ ಕಾಣಲೇಬೇಕು. ಸಾಲದ್ದಕ್ಕೆ ಒಂದು ಮೆಟ್ಟಿಲು ಬಿಟ್ಟು ಇನ್ನೊಂದಕ್ಕೆ ನೇರವಾಗಿ ನೆಗೆಯುವುದೂ ಕಂಡಿತು. ಅದು ಕಾಂತಕ್ಷೇತ್ರದ ಕೆಲಸವೇ ಅಲ್ಲ. ಏನಾಗಿತ್ತು ಅಂದರೆ, ತಂತಿ ತುಂಡಾದ ಮೇಲೆ ಕರೆಂಟ್ ಹರಿಯಲು ದಾರಿ ಇರಲಿಲ್ಲ. ಕರೆಂಟ್ ಇಲ್ಲ ಅಂದ ಮೇಲೆ ಕಾಂತಕ್ಷೇತ್ರ ಇಲ್ಲ. ತುಂಡಾದ ತುದಿಯಲ್ಲಿ ವೋಲ್ಟೇಜ್ ಮಾತ್ರ ಏರಿಳಿಯುತ್ತಿತ್ತು. ಕಾಂತಕ್ಷೇತ್ರದ ಆಂಟೆನಾ ವಿದ್ಯುತ್ ಕ್ಷೇತ್ರದ ಆಂಟೆನಾ ಆಗಿಬಿಟ್ಟಿತ್ತು. ಆಂಟಿಮನಿ ನ್ಯೂಕ್ಲಿಯಸ್ ಅದಕ್ಕೆ ಓಗೊಡುತ್ತಿತ್ತು!

ಸ್ಪಿನ್ ವೋಲ್ಟೇಜಿಗೆ ಜಗ್ಗುವುದಿಲ್ಲ ಎಂದು ಶುರುವಿನಲ್ಲೇ ಹೇಳಿದೆನಲ್ಲ, ಇದು ಹೇಗೆ? ಆಂಟಿಮನಿ ನ್ಯೂಕ್ಲಿಯಸ್ ಪೂರ್ತಿ ದುಂಡಗಿಲ್ಲ. ಚಾರ್ಜ್ ಹಂಚಿಕೆ ಒಂದು ಕಡೆಗೆ ಚಪ್ಪಟೆ. ವಿದ್ಯುತ್ ಕ್ಷೇತ್ರ ಜಾಗದಿಂದ ಜಾಗಕ್ಕೆ ಬದಲಾಗುತ್ತಿದ್ದರೆ ಆ ಚಪ್ಪಟೆ ಆಕಾರ ಅದನ್ನು ಗಮನಿಸುತ್ತದೆ. ಆಕಾರದ ಜೊತೆ ಸ್ಪಿನ್ ಅಂಟಿಕೊಂಡಿದೆ. ರಂಜಕಕ್ಕೆ ಈ ಭಾಗ್ಯವಿಲ್ಲ. ಸ್ಪಿನ್ 1/2 ಇರುವ ನ್ಯೂಕ್ಲಿಯಸ್ಸಿಗೆ ಈ ಗುಣ ಇರಲು ಸಾಧ್ಯವೇ ಇಲ್ಲ. ಸರಿಯಾದ ಸಿಲಿಕಾನ್ ಹರಳಿನಲ್ಲಿ ನಾಲ್ಕೂ ಕಡೆ ಬಂಧಗಳು ಸಮವಾಗಿರುವುದರಿಂದ ಅಂಥ ಏರುಪೇರು ಇರುವುದಿಲ್ಲ. ಆದರೆ ಚಿಪ್ ತಣ್ಣಗಾಗುವಾಗ ಮೇಲಿನ ಅಲ್ಯೂಮಿನಿಯಂ ಗೇಟುಗಳು ಸಿಲಿಕಾನ್‌ಗಿಂತ ಜಾಸ್ತಿ ಕುಗ್ಗಿ ಹರಳನ್ನು ಎಳೆಯುತ್ತವೆ, ಸಮ ತಪ್ಪುತ್ತದೆ. ಗೇಟಿನ ವೋಲ್ಟೇಜ್ ಪರಮಾಣುವಿನ ಸುತ್ತಲ ಬಂಧಗಳನ್ನು ಇನ್ನಷ್ಟು ಡೊಂಕು ಮಾಡುತ್ತದೆ. ಆ ಡೊಂಕು ನ್ಯೂಕ್ಲಿಯಸ್ಸಿಗೆ ತಲುಪುತ್ತದೆ.

ಹೀಗೆ ವಿದ್ಯುತ್ ಕ್ಷೇತ್ರದಿಂದ ನ್ಯೂಕ್ಲಿಯಸ್ಸನ್ನು ತಿರುಗಿಸಬಹುದು ಎಂದು ನಿಕೊಲಾಸ್ ಬ್ಲೂಂಬರ್ಗನ್ 1961ರಲ್ಲೇ ಸೂಚಿಸಿದ್ದರು. ಮುಂದೆ ಅವರಿಗೆ 1981ರಲ್ಲಿ ನೊಬೆಲ್ ಬಂತು, ಬೇರೆ ಕೆಲಸಕ್ಕೆ. ಒಂದೇ ನ್ಯೂಕ್ಲಿಯಸ್ಸಿನಲ್ಲಿ ಅದು ಕಂಡದ್ದು 2020ರಲ್ಲಿ, ಸುಟ್ಟ ಆಂಟೆನಾದಿಂದ. ಕಾಣದ ಆ ಒಂದು ಮೆಟ್ಟಿಲನ್ನು ‘ಅಳತೆಯ ದೋಷ’ ಎಂದು ಬದಿಗೆ ಸರಿಸದೆ, ಯಾಕೆ ಕಾಣುತ್ತಿಲ್ಲ ಎಂದು ಬೆನ್ನು ಹತ್ತಿದವರನ್ನು ನಾನು ಮನಸಾರೆ ಮೆಚ್ಚುತ್ತೇನೆ. ಬಾರದ ಪೀಕನ್ನೂ ರೆಕಾರ್ಡ್ ಪುಸ್ತಕದಲ್ಲಿ ಬರೆಯಿರಿ ಎಂದು ನಮ್ಮ ಹುಡುಗರಿಗೆ ಈ ಕಥೆ ಹೇಳಿಯೇ ಹೇಳುತ್ತೇನೆ.

ಆಂಟಿಮನಿಯ ದಾರಿಯಲ್ಲಿ ಬೆಲೆ ಕಡಿಮೆ. ನ್ಯೂಕ್ಲಿಯಸ್ ತುಂಬಾ ಒಳಗಿದೆ, ಹೊರಗಿನ ಚಾರ್ಜ್ ನಾಯ್ಸ್ ಅಲ್ಲಿಗೆ ಮುಟ್ಟುವುದು ತೀರಾ ಸ್ವಲ್ಪ. ಆದರೆ ನಮ್ಮ ವೋಲ್ಟೇಜೂ ಸ್ವಲ್ಪವೇ ಮುಟ್ಟುತ್ತದೆ, ಹಾಗಾಗಿ ಕೆಲಸ ನಿಧಾನ.

ಎರಡಕ್ಕೂ ನಡುವೆ ಒಂದು ಜಾಣ ದಾರಿ ಇದೆ. ಗಿಲ್ಹೆರ್ಮೆ ತೋಸಿ, ಮೊರೆಲ್ಲೊ ಮತ್ತು ಜೊತೆಗಾರರು 2017ರಲ್ಲಿ ಮುಂದಿಟ್ಟ ಫ್ಲಿಪ್-ಫ್ಲಾಪ್ ಕ್ಯೂಬಿಟ್. ರಂಜಕದ ಎಲೆಕ್ಟ್ರಾನ್ ಮೇಲೆ, ನ್ಯೂಕ್ಲಿಯಸ್ ಕೆಳಗೆ ಇದ್ದರೆ ಒಂದು ಸ್ಥಿತಿ. ಎಲೆಕ್ಟ್ರಾನ್ ಕೆಳಗೆ, ನ್ಯೂಕ್ಲಿಯಸ್ ಮೇಲೆ ಇದ್ದರೆ ಇನ್ನೊಂದು. ಇಬ್ಬರೂ ಒಟ್ಟಿಗೆ ಜಾಗ ಬದಲಿಸಬೇಕು. ಇಬ್ಬರ ನಡುವಿನ ಹೈಪರ್‌ಫೈನ್ ನಂಟನ್ನು ಮೈಕ್ರೋವೇವ್ ವೋಲ್ಟೇಜಿನಿಂದ ಅಲ್ಲಾಡಿಸಿದರೆ ಅದಲುಬದಲು ನಡೆಯುತ್ತದೆ. 2023ರಲ್ಲಿ ಅದನ್ನು ಒಂದೇ ಪರಮಾಣುವಿನಲ್ಲಿ ಮಾಡಿ ತೋರಿಸಿದರು. ನನಗೆ ಹಿಡಿಸಿದ್ದು 2017ರ ಲೆಕ್ಕ. ಎಲೆಕ್ಟ್ರಾನನ್ನು ಅರ್ಧ ರಂಜಕದ ಹತ್ತಿರ, ಅರ್ಧ ಆಕ್ಸೈಡ್ ಅಂಚಿನ ಹತ್ತಿರ ಇರುವಂತೆ ಎಳೆದರೆ ಅದು ವೋಲ್ಟೇಜಿಗೆ ಚೆನ್ನಾಗಿ ಬಗ್ಗುತ್ತದೆ. ನೂರಾರು ನ್ಯಾನೋಮೀಟರ್ ಆಚೆಯ ಜೊತೆಗಾರನ ಜೊತೆ ಕೂಡ ಮಾತಾಡಬಹುದು. ಅಲ್ಲೇ ಎಲ್ಲೋ ಒಂದು ಬಿಂದು ಸಿಗುತ್ತದೆ, ಅಲ್ಲಿ ವೋಲ್ಟೇಜ್ ಸ್ವಲ್ಪ ಏರುಪೇರಾದರೂ ಆವರ್ತನ ಬದಲಾಗುವುದಿಲ್ಲ. ಕೆಲಸ ಮುಗಿದ ಮೇಲೆ ಎಲೆಕ್ಟ್ರಾನನ್ನು ರಂಜಕಕ್ಕೇ ವಾಪಸ್ ಕಳಿಸಬಹುದು. ಆಗ ಸ್ಪಿನ್ ಮತ್ತೆ ಬಹುಮಟ್ಟಿಗೆ ವೋಲ್ಟೇಜಿಗೆ ಬಗ್ಗದ ಹಳೆಯ ಸ್ಪಿನ್ನೇ. ಬೇಕಾದಷ್ಟು ಹೊತ್ತು ಮಾತ್ರ ಚಾರ್ಜಿನ ಸಹಾಯ ತಗೊಂಡು, ಆಮೇಲೆ ಬಿಟ್ಟುಬಿಡುವುದು. ನಿಜವಾದ ಚಿಪ್‌ನಲ್ಲಿ ಅಷ್ಟು ದೂರ ಎಳೆದು ಇದನ್ನೆಲ್ಲ ಮಾಡುವುದು ಕಷ್ಟದ ಕೆಲಸ, ನಿಜ. ಆದರೂ ಸರಿಯಾದ ದಿಕ್ಕು ಇದೇ ಎಂದು ನನ್ನ ನಂಬಿಕೆ.

ಉಳಿದ ಸುದ್ದಿ ಬೇಗ ಹೇಳಿಬಿಡುತ್ತೇನೆ. 2020ರಲ್ಲಿ ಸಿಡ್ನಿ ಮತ್ತು ನೆದರ್ಲೆಂಡ್ಸ್‌ನ ಡೆಲ್ಫ್ಟ್‌ನ ಎರಡು ಗುಂಪು ಒಂದು ಕೆಲ್ವಿನ್‌ಗಿಂತ ಮೇಲೂ ಸಿಲಿಕಾನ್ ಕ್ಯೂಬಿಟ್ ನಡೆಯುತ್ತದೆ ಎಂದು ತೋರಿಸಿದವು. ಅಲ್ಲಿ ಬಿಸಿ ಹೊರಹಾಕುವುದು ಎಷ್ಟೋ ಸುಲಭ. 2022ರ ಜನವರಿಯಲ್ಲಿ ಡೆಲ್ಫ್ಟ್, ಜಪಾನಿನ ರಿಕೆನ್, ಸಿಡ್ನಿ ಮೂರೂ ಕಡೆಯವರು ಎರಡು ಕ್ಯೂಬಿಟ್‌ಗಳನ್ನು ಒಟ್ಟಿಗೆ ಆಡಿಸುವ ಕೆಲಸದಲ್ಲಿ (ಅದಕ್ಕೂ ಗೇಟ್ ಎಂದೇ ಹೆಸರು, ಲೋಹದ ಪಟ್ಟಿ ಅಲ್ಲ) 99 ಶೇಕಡಾ ನಿಖರತೆ ದಾಟಿದರು. ನಮ್ಮ ದೇಶದಲ್ಲಿ 2023ರ ಏಪ್ರಿಲ್‌ನಲ್ಲಿ 6,003.65 ಕೋಟಿ ರೂಪಾಯಿಯ ರಾಷ್ಟ್ರೀಯ ಕ್ವಾಂಟಂ ಮಿಷನ್‌ಗೆ ಒಪ್ಪಿಗೆ ಸಿಕ್ಕಿತು. ಕ್ವಾಂಟಂ ಕಂಪ್ಯೂಟಿಂಗ್ ಕೇಂದ್ರ ಬೆಂಗಳೂರಿನ ಐಐಎಸ್‌ಸಿಯಲ್ಲಿದೆ. ಹಾಸನದಿಂದ ಬೆಳಿಗ್ಗೆ ರೈಲು ಹತ್ತಿದರೆ ಮಧ್ಯಾಹ್ನದೊಳಗೆ ಮುಟ್ಟಬಹುದಾದ ದೂರ. ನಮ್ಮ ಹುಡುಗರಿಗೆ ಇದು ತಿಳಿದಿರಬೇಕು. ಕ್ವಾಂಟಂ ಅಂದರೆ ಬರೀ ಸಮೀಕರಣ ಎಂದು ಹೆದರುವವರಿಗೆ ಇನ್ನೊಂದು ಮಾತು. ಚಾರ್ಜ್ ನಾಯ್ಸ್ ಮುಖ್ಯವಾಗಿ ವಸ್ತುವಿನ ಸಮಸ್ಯೆ. ಆಕ್ಸೈಡ್ ಹೇಗೆ ಬೆಳೆಸಬೇಕು, ಅಂಚಿನ ದೋಷ ಹೇಗೆ ಮುಚ್ಚಬೇಕು ಅನ್ನುವುದು ಕೆಮಿಸ್ಟ್ರಿ ಮತ್ತು ಮೆಟೀರಿಯಲ್ಸ್ ಓದಿದವರ ಕೆಲಸ. ಅಲ್ಲಿ ಕೈಗಳು ಬೇಕು.

ಕೇನ್ ಚಿತ್ರದಲ್ಲಿ ಇನ್ನೊಂದು ಗೇಟ್ ಇತ್ತು. ಎರಡು ರಂಜಕ ಪರಮಾಣುಗಳ ನಡುವೆ ಕೂರುವ ಜೆ-ಗೇಟ್. ಎರಡು ಎಲೆಕ್ಟ್ರಾನ್ ಮೋಡಗಳು ಎಷ್ಟು ತಾಗಬೇಕು ಅನ್ನುವುದನ್ನು ಅದು ಹಿಡಿದಿಡಬೇಕು. ತಾಗಿದರೆ ನ್ಯೂಕ್ಲಿಯಸ್‌ಗಳು ಎಲೆಕ್ಟ್ರಾನುಗಳ ಮೂಲಕ ಮಾತಾಡುತ್ತವೆ, ತಾಗದಿದ್ದರೆ ಇಲ್ಲ. ಪರಮಾಣುಗಳ ಅಂತರ ಇಪ್ಪತ್ತು ನ್ಯಾನೋಮೀಟರ್ ಆಸುಪಾಸು ಇರಬೇಕು ಎಂದು ಅವರು ಬರೆದಿದ್ದರು. 2022ರ ಸಿಡ್ನಿ ಪ್ರಯೋಗದಲ್ಲಿ ಎರಡು ನ್ಯೂಕ್ಲಿಯಸ್ ಒಂದೇ ಎಲೆಕ್ಟ್ರಾನನ್ನು ಹಂಚಿಕೊಂಡಿದ್ದವು. ಹಾಗಾಗಿ ತೀರಾ ಹತ್ತಿರ ಇರಬೇಕಿತ್ತು. 2025ರಲ್ಲಿ ಅದೇ ವಿಶ್ವವಿದ್ಯಾಲಯದವರು ಒಂದೊಂದಕ್ಕೂ ತನ್ನದೇ ಎಲೆಕ್ಟ್ರಾನ್ ಇರುವ, ಸುಮಾರು 20 ನ್ಯಾನೋಮೀಟರ್ ದೂರದ ನ್ಯೂಕ್ಲಿಯಸ್‌ಗಳನ್ನು ಕ್ವಾಂಟಂ ರೀತಿಯಲ್ಲಿ ಒಂದಕ್ಕೊಂದು ಹೆಣೆದು (ಎಂಟ್ಯಾಂಗಲ್‌ಮೆಂಟ್) ತೋರಿಸಿದರು. ಎರಡು ಮೋಡಗಳು ತಾಗಿದ್ದರಿಂದಲೇ ಅದು ಆಯಿತು. ಇಪ್ಪತ್ತು ನ್ಯಾನೋಮೀಟರ್ ಅಂದರೆ ಇವತ್ತಿನ ಚಿಪ್ ಕಾರ್ಖಾನೆ ಗೇಟ್ ಇಡಬಲ್ಲ ಅಳತೆ. ಇನ್ನು ಬೇಕಿರುವುದು, ಆ ತಾಗುವಿಕೆಯನ್ನು ನಡುವಿನ ಒಂದು ಗೇಟಿನಿಂದ ಬೇಕೆಂದಾಗ ಹಾಕಿ, ಬೇಡವೆಂದಾಗ ಪೂರ್ತಿ ತೆಗೆಯುವುದು. ಅದನ್ನು ಸಾಲು ಸಾಲು ಪರಮಾಣುಗಳಲ್ಲಿ, ಒಂದರ ಗಲಾಟೆ ಇನ್ನೊಂದಕ್ಕೆ ತಾಗದ ಹಾಗೆ ಮಾಡಬೇಕು.